ಎರಡು ಸೇತುವೆಗಳ ನಡುವಿನ ನೆಲ

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವಾಗ ಪಾಂಡವಪುರ ನಿಲ್ದಾಣ ದಾಟಿದ ಮೇಲೆ ಗಾಲಿಗಳ ಸದ್ದು ಎರಡು ಸಲ ಬದಲಾಗುತ್ತದೆ. ಮೊದಲ ಸಲ ಸದ್ದು ಟೊಳ್ಳಾದಾಗ ಕೆಳಗೆ ಬಂಡೆಗಳ ನಡುವೆ ಹರಿಯುವ ಕಾವೇರಿ ಕಾಣುತ್ತಾಳೆ. ಬಳಿಕ ಕೋಟೆಯ ಕಲ್ಲುಗೋಡೆ, ತೆಂಗಿನ ಮರಗಳು, ದೇವಸ್ಥಾನದ ಗೋಪುರ, ಒಂದು ಪುಟ್ಟ ನಿಲ್ದಾಣ. ಅದಾದ ಮೇಲೆ ಮತ್ತೆ ಅದೇ ಟೊಳ್ಳು ಸದ್ದು, ಮತ್ತೆ ಅದೇ ನದಿ. ಕಾಲೇಜಿನ ದಿನಗಳಿಂದ ಈ ದಾರಿಯಲ್ಲಿ ನೂರಾರು ಸಲ ಓಡಾಡಿದ್ದರೂ, ಎರಡು ಸೇತುವೆಗಳ ನಡುವಿನ ಆ ನೆಲವನ್ನು ಶ್ರೀರಂಗಪಟ್ಟಣವೆಂಬ ಊರೆಂದು ತಿಳಿದಿದ್ದೆನೇ ಹೊರತು ಅದೊಂದು ದ್ವೀಪವೆಂಬುದು ನನ್ನ ಅನುಭವಕ್ಕೆ ಬಂದಿರಲಿಲ್ಲ. ಶಾಲೆಯ ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಅಷ್ಟೇ.

ಕೆಲವು ವರ್ಷಗಳ ಹಿಂದೆ ಒಂದು ಮೇ ತಿಂಗಳಲ್ಲಿ ಸಿಗ್ನಲ್ ಸಿಗದೆ ರೈಲು ಮೊದಲ ಸೇತುವೆಯ ಮೇಲೆ ನಿಂತಿತು. ಕೆಳಗೆ ನದಿ ಸೊರಗಿತ್ತು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಹೆಂಗಸೊಬ್ಬರು ನಾಲ್ಕು ಮೇಕೆಗಳನ್ನು ಹೊಡೆದುಕೊಂಡು, ಬಂಡೆಯಿಂದ ಬಂಡೆಗೆ ಕಾಲಿಡುತ್ತಾ, ನಡುನಡುವೆ ನೀರಿಗಿಳಿಯುತ್ತಾ ಆಚೆ ದಡದಿಂದ ಈಚೆ ದಡಕ್ಕೆ ಬರುತ್ತಿದ್ದರು. ಅದನ್ನು ನೋಡುತ್ತಿದ್ದಂತೆ, 1799ರ ಮೇ 4ರಂದು ಮಧ್ಯಾಹ್ನ ಒಂದು ಗಂಟೆಯ ಬಿಸಿಲಿನಲ್ಲಿ, ಟಿಪ್ಪು ಸುಲ್ತಾನನ ರಾಜಧಾನಿಯಾಗಿದ್ದ ಈ ಊರನ್ನು ಹಿಡಿಯಲು ಬ್ರಿಟಿಷ್ ಸೈನಿಕರು ದಾಟಿದ್ದೂ ಹೀಗೆಯೇ, ಇಂಥದ್ದೇ ಮೇ ತಿಂಗಳ ನೀರಿನಲ್ಲಿ ಎಂಬುದು ತಟ್ಟನೆ ನೆನಪಾಯಿತು. ಮಳೆಗಾಲ ಬಂದು ನದಿ ತುಂಬಿದ್ದರೆ ಅವರಿಗೆ ದಾಟಲು ಆಗುತ್ತಿರಲಿಲ್ಲ. ಅವರ ಸೇನಾಪತಿ ಹ್ಯಾರಿಸ್ ಅವಸರಪಟ್ಟದ್ದು ಅದಕ್ಕಾಗಿಯೇ. ಒಂದು ರಾಜ್ಯದ ಗತಿ ನಾಲ್ಕು ವಾರಗಳ ನೀರಿನ ಮಟ್ಟದ ಮೇಲೆ ನಿಂತಿತ್ತು ಎಂದ ಮೇಲೆ, ಈ ಊರನ್ನು ಅರಿಯಬೇಕಾದರೆ ಕಟ್ಟಡಗಳಿಗಿಂತ ಮೊದಲು ನೀರನ್ನು ನೋಡಬೇಕು ಎನಿಸಿತು.

ಸಾಮಾನ್ಯವಾಗಿ ಪ್ರವಾಸಿಗರು ಇಲ್ಲಿ ನೀರನ್ನು ನೋಡುವುದೇ ಇಲ್ಲ. ಬೆಳಿಗ್ಗೆ ರಂಗನಾಥನ ದರ್ಶನ, ಆಮೇಲೆ ದರಿಯಾ ದೌಲತ್, ಟಿಪ್ಪುವಿನ ಸಮಾಧಿಯಿರುವ ಗುಂಬಜ್, ನಿಮಿಷಾಂಬ, ಸಂಗಮದಲ್ಲಿ ಹತ್ತು ನಿಮಿಷ ಕಾಲು ನೆನೆಸಿಕೊಂಡು ಸಂಜೆಯ ಹೊತ್ತಿಗೆ ಕನ್ನಂಬಾಡಿ ಅಣೆಕಟ್ಟಿನ ಬೃಂದಾವನ ಸೇರಿಬಿಡುತ್ತಾರೆ. ಒಂದೊಂದು ಸ್ಥಳಕ್ಕೂ ವಾಹನದಲ್ಲಿ ಹೋಗಿ ಇಳಿದು ಹತ್ತುವುದರಿಂದ ಆ ಸ್ಥಳಗಳು ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ಎಂಬುದು ತಿಳಿಯುವುದಿಲ್ಲ. 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲಂತೂ ಬೆಂಗಳೂರು–ಮೈಸೂರು ವಾಹನಗಳಲ್ಲಿ ಹೆಚ್ಚಿನವು ಊರಿನ ಹೊರಗಿನ ಬೈಪಾಸಿನಲ್ಲೇ ಹೋಗುತ್ತವೆ. ನಡೆಯುವವರಿಗೆ ಇದರಿಂದ ಒಳ್ಳೆಯದೇ ಆಗಿದೆ. ಹಳೆಯ ರಸ್ತೆಯ ಗದ್ದಲ ತಗ್ಗಿದೆ.

ದ್ವೀಪದ ಉದ್ದ ಸುಮಾರು ಐದು ಕಿಲೋಮೀಟರ್. ಅಗಲ ಅದರ ಅರ್ಧವೂ ಇಲ್ಲ. ಪಶ್ಚಿಮದಲ್ಲಿ ಕಾವೇರಿ ಎರಡು ಕವಲಾಗಿ ಒಡೆಯುವಲ್ಲಿ ಕೋಟೆಯಿದೆ, ಪೂರ್ವದಲ್ಲಿ ಕವಲುಗಳು ಮತ್ತೆ ಕೂಡುವಲ್ಲಿ ಸಂಗಮವಿದೆ, ನಡುವೆ ಗಂಜಾಂ. ಗಟ್ಟಿ ಕಾಲಿನವರು ಒಂದೇ ದಿನದಲ್ಲಿ ಸುತ್ತಬಹುದು. ನಾನು ಹಾಗೆ ಮಾಡಲಿಲ್ಲ. ಬೇರೆ ಬೇರೆ ತಿಂಗಳುಗಳಲ್ಲಿ, ಒಂದು ಸಲಕ್ಕೆ ಒಂದು ಭಾಗದಂತೆ, ಸಾಧ್ಯವಾದಷ್ಟು ನೀರಿನ ಅಂಚನ್ನೇ ಹಿಡಿದು ನಡೆದೆ.

ಮೊದಲ ನಡಿಗೆ ನಿಲ್ದಾಣದಿಂದ ಶುರುವಾಯಿತು. ಇಲ್ಲಿ ಟಿಪ್ಪುವಿನ ಕಾಲದ ಮದ್ದಿನಮನೆಯೊಂದು ಜೋಡಿ ಹಳಿ ಹಾಕುವುದಕ್ಕೆ ಅಡ್ಡ ಬಂದಾಗ ಅದನ್ನು ಕೆಡವದೆ, 2017ರಲ್ಲಿ ಬುಡಸಮೇತ ಎತ್ತಿ ನೂರು ಮೀಟರಿನಷ್ಟು ದೂರಕ್ಕೆ ಸರಿಸಿದರು. ದಪ್ಪ ಇಟ್ಟಿಗೆ ಗೋಡೆಯ ಆ ಪುಟ್ಟ ಕಟ್ಟಡವನ್ನು ನೋಡಿದಾಗ, ಹಳೆಯದನ್ನು ಉಳಿಸಬೇಕೆಂಬ ಮನಸ್ಸಿದ್ದರೆ ದಾರಿ ಸಿಗುತ್ತದೆ ಎಂಬ ಭರವಸೆ ಮೂಡಿತು. ಅಲ್ಲಿಂದ ಪಶ್ಚಿಮಕ್ಕೆ ಸಾಗಿದರೆ ಕೋಟೆಯ ಗೋಡೆ ಒಡೆದ ಜಾಗ ಬರುತ್ತದೆ. ಹತ್ತಿರದಲ್ಲಿ ಒಂದು ಸ್ಮಾರಕ ಸ್ತಂಭವಿದೆ. ಗೋಡೆಯ ಮೇಲೆ ನಿಂತರೆ ಎದುರಿಗೆ ನದಿ ಹರಡಿಕೊಂಡಿದೆ: ನಡುವೆ ಬಂಡೆಗಳು, ಬಂಡೆಗಳ ಸಂದಿನಲ್ಲಿ ಜೊಂಡು, ಜೊಂಡಿನ ಬುಡದಲ್ಲಿ ಕಂದು ಬಣ್ಣದ ನೀರು. ಆಳವಾದ ಕಂದಕ, ಒಂದರ ಹಿಂದೆ ಒಂದು ಗೋಡೆ, ಬತೇರಿಗಳು ಎಲ್ಲವೂ ಇದ್ದವು; ಆದರೆ ಎಲ್ಲಕ್ಕಿಂತ ದೊಡ್ಡ ಕಂದಕವಾಗಿದ್ದ ಕಾವೇರಿ ವರ್ಷದಲ್ಲಿ ಒಂದೆರಡು ತಿಂಗಳು ಕಾವಲು ಬಿಡುತ್ತಿದ್ದಳು. ಈ ಮಾತು ಆ ಗೋಡೆಯ ಮೇಲೆ ಬೇಸಿಗೆಯಲ್ಲಿ ನಿಂತಾಗ ಅರ್ಥವಾಗುವಷ್ಟು ಚೆನ್ನಾಗಿ ಯಾವ ಪುಸ್ತಕದಲ್ಲೂ ಅರ್ಥವಾಗುವುದಿಲ್ಲ.

ಗೋಡೆಯ ಒಳಮಗ್ಗುಲನ್ನು ಹಿಡಿದು ಮುಂದೆ ಹೋದರೆ ವಾಟರ್ ಗೇಟ್ ಎಂದು ಕರೆಯುವ ಬಾಗಿಲು ಸಿಗುತ್ತದೆ. ಕಮಾನಿನ ಕೆಳಗೆ ಕತ್ತಲೆಯ ಓಣಿ, ಅದರ ತುದಿಯಲ್ಲಿ ಬೆಳಕು, ಬೆಳಕಿನಾಚೆ ನದಿ. ಬೇಸಿಗೆಯ ಮಧ್ಯಾಹ್ನದಲ್ಲೂ ಆ ಓಣಿಯ ಕಲ್ಲು ಅಂಗೈಗೆ ತಣ್ಣಗೆ ತಾಗುತ್ತದೆ. ಟಿಪ್ಪುವಿನ ದೇಹ ಸಿಕ್ಕಿತೆಂದು ಕಲ್ಲು ನೆಟ್ಟಿರುವ ಜಾಗ ಇಲ್ಲಿಂದ ದೂರವಿಲ್ಲ. ಬಸ್ಸುಗಳಲ್ಲಿ ಬಂದವರು ಅಲ್ಲಿ ಗುಂಪಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ವಾಟರ್ ಗೇಟಿನ ಓಣಿಯಲ್ಲಿ ಮಾತ್ರ ಆ ಅರ್ಧ ಗಂಟೆ ಬೇರೆ ಯಾರೂ ಇರಲಿಲ್ಲ.

ರಂಗನಾಥಸ್ವಾಮಿ ದೇವಸ್ಥಾನದ ಬಗ್ಗೆ ಹೇಳಲು ಬಹಳವಿದ್ದರೂ ನೀರಿಗೆ ಸಂಬಂಧಿಸಿದ ಒಂದೆರಡು ಮಾತು ಮಾತ್ರ ಹೇಳುತ್ತೇನೆ. ಗಂಗರ ಅಧೀನನಾಗಿದ್ದ ತಿರುಮಲಯ್ಯ 894ರಲ್ಲಿ ಇದನ್ನು ಕಟ್ಟಿಸಿದನೆಂದು ಪ್ರತೀತಿ. ಶೇಷಶಯನನಾದ ಸ್ವಾಮಿಯ ಪಾದದ ಬಳಿ ಕುಳಿತಿರುವವಳು ಕಾವೇರಿ. ಇದು ಆದಿರಂಗ, ಶಿವನಸಮುದ್ರದ್ದು ಮಧ್ಯರಂಗ, ತಮಿಳುನಾಡಿನ ಶ್ರೀರಂಗದ್ದು ಅಂತ್ಯರಂಗ. ಈ ಮೂರೂ ಕಾವೇರಿಯ ನಡುಗಡ್ಡೆಗಳೇ. ನದಿ ಎಲ್ಲೆಲ್ಲಿ ಎರಡಾಗಿ ಒಡೆದು ನೆಲವನ್ನು ಅಪ್ಪಿಕೊಳ್ಳುತ್ತದೆಯೋ ಅಲ್ಲಲ್ಲಿ ನಮ್ಮ ಹಿರಿಯರು ರಂಗನನ್ನು ಮಲಗಿಸಿದರು. ಗರ್ಭಗುಡಿಯ ಮುಂದೆ ಸಾಲಿನಲ್ಲಿ ನಿಂತಾಗ ಈ ವಿಷಯ ನೆನಪಿದ್ದರೆ ದರ್ಶನದ ರುಚಿಯೇ ಬೇರೆ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಈ ಪಟ್ಟಣವನ್ನು ಪಡೆದು ಅದೇ ವರ್ಷ ದಸರಾ ಆಚರಿಸಿದ್ದೂ ಇಲ್ಲೇ. ಮೈಸೂರಿನ ದಸರಾಕ್ಕೆ ತವರು ಈ ದ್ವೀಪ.

ಎರಡನೆಯ ನಡಿಗೆಯನ್ನು ಬೆಳಗಿನ ಜಾವಕ್ಕೆ ಇಟ್ಟುಕೊಂಡಿದ್ದೆ. ಉತ್ತರದ ಕವಲಿನ ಮೇಲಿರುವ ವೆಲ್ಲೆಸ್ಲಿ ಸೇತುವೆಯನ್ನು ನೋಡಬೇಕಾದ ಹೊತ್ತು ಅದು. ದಿವಾನ್ ಪೂರ್ಣಯ್ಯನವರು ಕಟ್ಟಿಸಿದ ಈ ಸೇತುವೆ 1804ರಲ್ಲಿ ಮುಗಿಯಿತು. ಆಗಿನ ಗವರ್ನರ್ ಜನರಲ್‌ನ ಹೆಸರನ್ನು ಇದಕ್ಕಿಟ್ಟರು. ನಮ್ಮ ದೇವಸ್ಥಾನಗಳ ಮಂಟಪಗಳನ್ನು ಕಟ್ಟುವಂತೆ ಕಲ್ಲಿನ ಕಂಬಗಳನ್ನು ನದಿಯ ತಳದಲ್ಲಿ ನಿಲ್ಲಿಸಿ, ಅವುಗಳ ಮೇಲೆ ಕಲ್ಲಿನ ತೊಲೆಗಳನ್ನಿಟ್ಟು, ತೊಲೆಗಳ ಮೇಲೆ ಚಪ್ಪಡಿ ಹಾಸಿದ್ದಾರೆ. ಕೆಳಗಿಳಿದು ದಡದಲ್ಲಿ ಕುಳಿತು ನೋಡಿದೆ. ಕಂಬಗಳು ಒಂದೇ ಅಳತೆಯವಲ್ಲ; ಕೆಲವು ದಪ್ಪ, ಕೆಲವು ತೆಳ್ಳಗೆ, ಕೆಲವು ಹೊಳೆಯ ದಿಕ್ಕಿಗೆ ತುಸು ವಾಲಿವೆ. ಪ್ರತಿ ಕಂಬದ ಮೇಲೂ ಬೇರೆ ಬೇರೆ ವರ್ಷಗಳ ನೀರು ಬಿಟ್ಟುಹೋದ ಗೆರೆಗಳಿವೆ, ಮಕ್ಕಳ ಎತ್ತರವನ್ನು ಗೋಡೆಯ ಮೇಲೆ ಗುರುತು ಹಾಕಿದ ಹಾಗೆ. ಅತಿ ಮೇಲಿನ ಗೆರೆ ತೊಲೆಗೂ ತಾಗಿತ್ತು.

ಅದೇ ದಿನ ದ್ವೀಪವನ್ನು ಅಡ್ಡ ಹಾಯ್ದು ದಕ್ಷಿಣದ ಕವಲಿಗೆ ಹೋದೆ. ಪೂರ್ವಾಭಿಮುಖಿಯಾದ ಕಾವೇರಿ ಇಲ್ಲಿ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗಿ ಹರಿಯುವುದರಿಂದ ಪಶ್ಚಿಮವಾಹಿನಿ ಎಂಬ ಹೆಸರು ಬಂದಿದೆ. ಮೈಸೂರು ಸೀಮೆಯ ಎಷ್ಟೋ ಮನೆಗಳವರು ತಮ್ಮವರ ಅಸ್ಥಿಯನ್ನು ಬಿಡುವುದು ಇಲ್ಲೇ. ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನೂ ಇಲ್ಲಿ ವಿಸರ್ಜಿಸಿದರು. ಅದರ ನೆನಪಿಗೆ ಪ್ರತಿ ಫೆಬ್ರುವರಿ 12ರಂದು ಸರ್ವೋದಯ ಮೇಳ ನಡೆಯುತ್ತದೆ. ನಮ್ಮ ಅಜ್ಜನ ಅಸ್ಥಿಯನ್ನು ತಂದೆಯವರು ಇಲ್ಲಿಯೇ ಬಿಟ್ಟಿದ್ದರು. ಆಗ ನಾನು ಚಿಕ್ಕವನು. ನದಿ ಹಿಂದಕ್ಕೆ ಹರಿಯುತ್ತಿದೆ ಎಂದು ಯಾರೋ ತೋರಿಸಿದ್ದು ಮಾತ್ರ ನೆನಪಿದೆ. ಈ ಸಲ ಮೆಟ್ಟಿಲ ಮೇಲೆ ಕುಳಿತು, ತೇಲಿ ಹೋಗುತ್ತಿದ್ದ ಒಂದು ಸೇವಂತಿಗೆ ಹೂವು ನಿಜಕ್ಕೂ ಸೂರ್ಯ ಮುಳುಗುವ ದಿಕ್ಕಿಗೆ ಸಾಗುವುದನ್ನು ಕಣ್ಣಿಗೆ ಕಾಣುವವರೆಗೂ ನೋಡಿದೆ. ಆದರೆ ದಡದಲ್ಲಿ ಬಿದ್ದಿದ್ದ ಹಳೆಯ ಬಟ್ಟೆ, ಮಡಕೆಯ ಚೂರು, ಪ್ಲಾಸ್ಟಿಕ್ ಚೀಲಗಳನ್ನು ಕಂಡು ಸಂಕಟವಾಯಿತು. ಸತ್ತವರನ್ನು ಒಪ್ಪಿಸುವ ನೀರನ್ನು ನಾವು ಇದಕ್ಕಿಂತ ಚೆನ್ನಾಗಿ ಇಟ್ಟುಕೊಳ್ಳಬಲ್ಲೆವು.

ಮೂರನೆಯ ನಡಿಗೆ ಕೋಟೆಯಿಂದ ಪೂರ್ವಕ್ಕೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ ದರಿಯಾ ದೌಲತ್ತಿನ ಪಶ್ಚಿಮ ಗೋಡೆಯ ಮೇಲೆ ಬ್ರಿಟಿಷರು ಸೋತ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಆ ಗೋಡೆಗೆ ಒಂದು ಗಂಟೆಯನ್ನಾದರೂ ಕೊಡಬೇಕು. ಸಾವಿರ ಜನರ ನೂಕುನುಗ್ಗಲಿನ ನಡುವೆ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿರುವ ಬ್ರಿಟಿಷ್ ಕರ್ನಲ್ ಬೈಲಿ, ಆನೆಗಳು, ಕತ್ತರಿಸಿ ಬಿದ್ದ ತಲೆಗಳು, ಇಷ್ಟರ ನಡುವೆಯೂ ಗುಲಾಬಿಯನ್ನು ಮೂಸುತ್ತಾ ಕುದುರೆಯ ಮೇಲೆ ಕುಳಿತ ಟಿಪ್ಪು. ಚಿತ್ರಗಾರನ ಧೈರ್ಯ ದೊಡ್ಡದು. ಹೊರಗೆ ಬಂದು ಗಂಜಾಂ ಕಡೆಗೆ ನಡೆದೆ. ಶಿರಾದಿಂದ ಕುಟುಂಬಗಳನ್ನು ಕರೆತಂದು ಟಿಪ್ಪು ನೆಲೆಗೊಳಿಸಿದ ಪೇಟೆ ಇದು. ಅಂಜೂರದ ತೋಟಗಳಿಗೆ ಹೆಸರಾದ ಊರು. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸಮೀಕ್ಷೆಗೆ ಇಲ್ಲಿಗೆ ಬಂದ ಬುಕನನ್, ಟಿಪ್ಪುವಿನ ಕಾಲದಲ್ಲಿ ದ್ವೀಪದ ಮೇಲೆ ಒಂದೂವರೆ ಲಕ್ಷ ಜನರಿದ್ದರೆಂದೂ ತಾನು ಬಂದಾಗ ಸುಮಾರು 32,000 ಮಂದಿ ಉಳಿದಿದ್ದರೆಂದೂ ಲೆಕ್ಕ ಹಾಕಿದ್ದಾನೆ. ರಾಜಧಾನಿ ಮೈಸೂರಿಗೆ ಹೋಯಿತು. ಜ್ವರದ ಕಾಟ ತಾಳಲಾರದೆ ಬ್ರಿಟಿಷರ ಸೇನೆಯೂ 1809ರ ಸುಮಾರಿಗೆ ಬೆಂಗಳೂರಿನ ದಂಡು ಪ್ರದೇಶಕ್ಕೆ ಹೊರಟಿತು. ಕಾವಲಾಗಿದ್ದ ನೀರೇ ಸೊಳ್ಳೆಯನ್ನೂ ಸಾಕಿತ್ತು. ಹೀಗೆ ಬರಿದಾದ ನೆಲ ಮತ್ತೆ ಗದ್ದೆಯಾಯಿತು. ಅರಮನೆಗಳಿದ್ದ ಊರಿನ ನಡುವೆ ಇವತ್ತು ಭತ್ತದ ಪೈರು, ಕಬ್ಬು, ತೆಂಗು ಇರುವುದನ್ನು ಕಂಡು ಬೆರಗಾಗುವವರು ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಬೇಕು.

ಗದ್ದೆಗಳ ನಡುವಿನ ನಾಲೆಯ ಏರಿಯ ಮೇಲೆ ನಡೆಯುವುದೇ ನನಗೆ ಈ ದ್ವೀಪದಲ್ಲಿ ಎಲ್ಲಕ್ಕಿಂತ ಪ್ರಿಯವಾದ ನಡಿಗೆ. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಬಂಗಾರದೊಡ್ಡಿ ನಾಲೆಯನ್ನು ಕಟ್ಟಿಸಿದಾಗ, ಒಂದು ಕವಲಿಗೆ ಒಡ್ಡು ಹಾಕಿ, ಆ ನೀರನ್ನು ಇನ್ನೊಂದು ಕವಲಿನ ಮೇಲೆ ಮೇಲುಗಾಲುವೆಯಲ್ಲಿ ದಾಟಿಸಿ ದ್ವೀಪಕ್ಕೆ ತಂದರು. ಸುತ್ತಲೂ ನದಿಯಿದ್ದರೂ ನದಿಗಿಂತ ಎತ್ತರದಲ್ಲಿರುವ ನೆಲಕ್ಕೆ ನೀರು ತಾನಾಗಿ ಏರುವುದಿಲ್ಲ. ನದಿಯ ಮೇಲೆಯೇ ನದಿಯನ್ನು ಹರಿಸಬೇಕಾಗುತ್ತದೆ. ಇದನ್ನು ಯೋಚಿಸಿದವರು, ಮಟ್ಟ ಹಿಡಿದು ಕಲ್ಲು ಕೂರಿಸಿದವರು ಯಾರೋ, ಅವರಿಗೆ ನನ್ನ ನಮಸ್ಕಾರ.

ಗುಂಬಜಿನ 36 ಕರಿಕಲ್ಲಿನ ಕಂಬಗಳ ಜಗಲಿಯಲ್ಲಿ ಸ್ವಲ್ಪ ಹೊತ್ತು ದಣಿವಾರಿಸಿಕೊಂಡು ಸಂಗಮಕ್ಕೆ ಹೋದೆ. ಅಲ್ಲಿ ಹರಿಗೋಲಿನವರೊಬ್ಬರು ತಮ್ಮ ಹರಿಗೋಲನ್ನು ಬೋರಲು ಹಾಕಿ ಬುಡಕ್ಕೆ ಡಾಂಬರು ಹಚ್ಚುತ್ತಿದ್ದರು. ಸೀಳಿದ ಬಿದಿರನ್ನು ಬುಟ್ಟಿಯ ಹಾಗೆ ಹೆಣೆದು, ಮೇಲೆ ದಪ್ಪ ಹಾಳೆಯನ್ನು ಹೊದಿಸಿ, ಅಂಚಿನಲ್ಲಿ ಬಿದಿರಿನ ಬಳೆ ಬಿಗಿದಿದ್ದರು. ಡಾಂಬರನ್ನು ಎಲ್ಲೆಡೆ ಸಮನಾಗಿ ಬಳಿಯದೆ, ಹೆಣಿಗೆಯ ಗಂಟುಗಳು ಹೊರಗೆ ಉಬ್ಬಿರುವ ಕಡೆ ಮಾತ್ರ ಮತ್ತೆ ಮತ್ತೆ ಒತ್ತುತ್ತಿದ್ದರು. ಬಂಡೆಗೆ ಉಜ್ಜಿ ಹರಿಯುವುದು ಆ ಗಂಟುಗಳಲ್ಲೇ ಎಂದರು. ನದಿಯ ನಡುವೆ ಎಮ್ಮೆ ಮಲಗಿದಂತೆ ಕಾಣುವ ಒಂದು ಬಂಡೆಯನ್ನು ತೋರಿಸಿ ಹೇಳಿದರು: “ಅದ್ನ ನೋಡ್ಕಳಿ ಸಾ. ಕನ್ನಂಬಾಡೀಲಿ ನೀರು ಬುಟ್ರೆ ಆ ಬಂಡೆ ಕಾಣಾಕಿಲ್ಲ. ಅದು ಮುಳುಗ್ತು ಅಂದ್ರೆ ನಾವು ಹರಿಗೋಲು ಇಳ್ಸಾಕಿಲ್ಲ.” ಅವರಿಗೆ ಅಳತೆಯ ಕೋಲು ಆ ಬಂಡೆಯೇ.

ಈ ಎಚ್ಚರಿಕೆಯನ್ನು ಇಲ್ಲಿಗೆ ಬರುವ ಎಲ್ಲರೂ ಕೇಳಿಸಿಕೊಳ್ಳಬೇಕು. ಸಂಗಮದಲ್ಲೂ, ಮೇಲ್ಗಡೆಯ ಬಲಮುರಿ, ಎಡಮುರಿಗಳಲ್ಲೂ ನೀರು ಮೇಲ್ನೋಟಕ್ಕೆ ಮೊಣಕಾಲಿನಷ್ಟೇ ಕಂಡರೂ ಬಂಡೆಗಳ ನಡುವೆ ಮಡುಗಳಿವೆ, ಪಾಚಿಯಿದೆ, ಸುಳಿಯಿದೆ. ಬಲಮುರಿಯ ಒಡ್ಡಿನ ಮೇಲೆ ಒಂದಿಂಚು ನೀರು ಹಾಲಿನ ಕೆನೆಯಂತೆ ಜಾರಿ ಬೀಳುವುದು ಎಷ್ಟು ಚಂದವೋ ಅಷ್ಟೇ ಅಪಾಯ. ಅಲ್ಲಿ ಒಮ್ಮೆ ಜಾರಿ ಬಿದ್ದು ಮೊಣಕೈ ತರಚಿಕೊಂಡ ಮೇಲೆ ದಡದಿಂದಲೇ ನೋಡುತ್ತೇನೆ.

ದ್ವೀಪವನ್ನು ಇಡಿಯಾಗಿ ನೋಡಬೇಕೆಂದರೆ ದ್ವೀಪದಿಂದ ಹೊರಗೆ ಹೋಗಬೇಕು. ಉತ್ತರದ ಕವಲಿನಾಚೆ ಕರಿಘಟ್ಟವಿದೆ. ನಿಮಿಷಾಂಬ ದೇವಸ್ಥಾನದ ಮೆಟ್ಟಿಲುಗಳಿಂದಲೂ ಅದು ಕಾಣುತ್ತದೆ. ಸುಮಾರು 450 ಮೆಟ್ಟಿಲು ಹತ್ತಿದರೆ ಕರಿಕಲ್ಲಿನ ಶ್ರೀನಿವಾಸನ ಸನ್ನಿಧಿ. ವಾಹನಕ್ಕೆ ಬೇರೆ ರಸ್ತೆಯಿದೆ, ಆದರೆ ಮೆಟ್ಟಿಲು ಹತ್ತುವುದೇ ಸರಿ. ಪ್ರತಿ ಐವತ್ತು ಮೆಟ್ಟಿಲಿಗೊಮ್ಮೆ ಉಸಿರು ತೆಗೆದುಕೊಳ್ಳಲು ನಿಂತಾಗ ಹಿಂತಿರುಗಿದರೆ ನದಿ ಸ್ವಲ್ಪ ಸ್ವಲ್ಪವೇ ತೆರೆದುಕೊಳ್ಳುತ್ತದೆ. ಮೊದಲು ಬುಡದಲ್ಲಿ ಲೋಕಪಾವನಿ ಹೊಳೆ, ಆಮೇಲೆ ಅದು ಸೇರುವ ಕಾವೇರಿಯ ಹತ್ತಿರದ ಕವಲು, ಕೊನೆಗೆ ಗದ್ದೆ ತೋಟಗಳಾಚೆ ದಕ್ಷಿಣದ ಕವಲಿನ ಗೆರೆ. ಡಿಸೆಂಬರಿನ ಒಂದು ಬೆಳಿಗ್ಗೆ ಅಲ್ಲಿ ನಿಂತಿದ್ದಾಗ ಮಂಜು ಇನ್ನೂ ಎರಡೂ ಕವಲುಗಳ ಮೇಲೆ ಕೂತಿತ್ತು, ನಡುವಿನ ನೆಲದ ಮೇಲೆ ಇರಲಿಲ್ಲ. ನೀರಿನ ಬದಲು ಮಂಜೇ ದ್ವೀಪದ ಅಂಚನ್ನು ಬರೆದಿತ್ತು. ಗುಂಬಜಿನ ಗುಮ್ಮಟ, ಮಸೀದಿಯ ಎರಡು ಮಿನಾರುಗಳು, ರಂಗನಾಥನ ಗೋಪುರ ಒಂದೇ ನೋಟಕ್ಕೆ ಸಿಕ್ಕವು. ಇಪ್ಪತ್ತೈದು ವರ್ಷ ಓಡಾಡಿದ ಮೇಲೆ ಶ್ರೀರಂಗಪಟ್ಟಣವನ್ನು ನಾನು ಮೊದಲ ಸಲ ನೋಡಿದ್ದು ಆವತ್ತೇ ಎನ್ನಬೇಕು.

ಸುತ್ತಲಿನ ಊರುಗಳನ್ನು ನೋಡಲು ಒಂದೊಂದು ದಿನವನ್ನು ಬೇರೆಯಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ರಂಗನತಿಟ್ಟು ಹತ್ತಿರದಲ್ಲೇ ಇದೆ, ಮತ್ತು ಅದು ದ್ವೀಪದ ಕತೆಯದೇ ಇನ್ನೊಂದು ಅಧ್ಯಾಯ. ಅಲ್ಲಿನ ತಿಟ್ಟುಗಳು ಹುಟ್ಟಿದ್ದು 1645–48ರ ಸುಮಾರಿನಲ್ಲಿ ಕಾವೇರಿಗೆ ಒಡ್ಡು ಕಟ್ಟಿ ನೀರು ನಿಂತಾಗ. ಗದ್ದೆಗೆಂದು ಕಟ್ಟಿದ್ದು ಹಕ್ಕಿಗಳ ಪಾಲಿಗೂ ಆಯಿತು. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿಗೆ ಮಹಾರಾಜರು ಬೆಲೆ ಕೊಟ್ಟದ್ದರಿಂದ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ, ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ ಸೇರಿದ ಕರ್ನಾಟಕದ ಮೊದಲ ತಾಣವೂ ಆಯಿತು. ದೋಣಿಯಲ್ಲಿ ಕುಳಿತರೆ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು, ಚಮಚ ಕೊಕ್ಕಿನವು ಕೈಗೆ ಸಿಗುವಷ್ಟು ಹತ್ತಿರ ಬರುತ್ತವೆ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗಳೂ ಕಾಣುತ್ತವೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಬೇಕು. ರಜಾದಿನಗಳಲ್ಲಿ ಹೋಗದಿರುವುದೇ ಲೇಸು.

ಇನ್ನೊಂದು ದಿನ ಪಾಂಡವಪುರದ ದಾರಿ ಹಿಡಿದು ತೊಣ್ಣೂರು ಕೆರೆಗೆ ಹೋದೆ. ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ, ತಳದ ಕಲ್ಲು ಕಾಣುವಷ್ಟು ತಿಳಿಯಾದ ನೀರು. ಪಕ್ಕದಲ್ಲಿ ಹೊಯ್ಸಳರ ಕಾಲದ ನಂಬಿನಾರಾಯಣನ ಗುಡಿ. ರಾಮಾನುಜಾಚಾರ್ಯರು ನೆಲೆಸಿದ್ದ ಊರೆಂಬ ನೆನಪು. ದಾರಿಯಲ್ಲಿ ಒಂದು ಆಲೆಮನೆಯ ಹೊಗೆ ಕಂಡು ನಿಂತೆ. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು. ಒಲೆಗೆ ಕಬ್ಬಿನ ಒಣ ಸಿಪ್ಪೆಯಾದ ರಚ್ಚು ನೂಕುತ್ತಿದ್ದ ಯುವಕ ಕೇಳುವ ಮೊದಲೇ ಕಬ್ಬಿನ ಸೀಳಿಗೆ ಬಿಸಿ ಪಾಕವನ್ನು ಅಂಟಿಸಿ ಕೈಗಿತ್ತ. ದುಡ್ಡು ಕೊಡಲು ಹೋದರೆ, “ಆಲೆಮನೆ ತಾವ್ ಬಂದೋರ್ಗೆ ಇಲ್ಲ ಅನ್ನಬಾರ್ದು ಅಣ್ಣ” ಎಂದು ನಕ್ಕ. ಅಲ್ಲಿಂದ ಮೇಲುಕೋಟೆಗೆ ಹೆಚ್ಚು ದೂರವಿಲ್ಲ. ಆದರೆ ಚೆಲುವನಾರಾಯಣನ ಆ ಬೆಟ್ಟಕ್ಕೆ, ಕಲ್ಯಾಣಿಗೆ, ಕವಿ ಪುತಿನ ಅವರ ಊರಿಗೆ ಇಲ್ಲಿ ನಾಲ್ಕು ಸಾಲು ಬರೆದರೆ ನ್ಯಾಯವಾಗುವುದಿಲ್ಲ.

ಕಳೆದ ಆಗಸ್ಟಿನಲ್ಲಿ ಕೊಡಗಿನಲ್ಲಿ ಮಳೆ ಜೋರಾಗಿ, ಕನ್ನಂಬಾಡಿಯ ಬಾಗಿಲುಗಳನ್ನು ತೆರೆದಿದ್ದಾರೆಂಬ ಸುದ್ದಿ ಕೇಳಿ ಮತ್ತೆ ಹೋದೆ. ವೆಲ್ಲೆಸ್ಲಿ ಸೇತುವೆಯ ಬಳಿ ತಡೆ ಹಾಕಿ ಪೊಲೀಸರು ನಿಂತಿದ್ದರು; ದೂರದಿಂದಲೇ ನೋಡಿದೆ. ಕಂಬಗಳ ಮೇಲಿನ ಗೆರೆಗಳಲ್ಲಿ ಒಂದೂ ಕಾಣುತ್ತಿರಲಿಲ್ಲ. ಮೇ ತಿಂಗಳಲ್ಲಿ ಮೇಕೆಗಳು ದಾಟಿದ ಜಾಗದಲ್ಲಿ ಕೆಂಪು ನೀರು ಮರದ ಬೊಡ್ಡೆಗಳನ್ನು ಹೊತ್ತು ಭೋರಿಡುತ್ತಿತ್ತು. ವಾಟರ್ ಗೇಟಿನ ಓಣಿಗೆ ಹೋದಾಗ ನದಿ ಕಾಣುವ ಮೊದಲೇ ಅದರ ಸದ್ದು ಕಲ್ಲಿನೊಳಗಿಂದ ಬರುತ್ತಿತ್ತು. ಗೋಡೆಗೆ ಅಂಗೈ ಇಟ್ಟರೆ ಕಲ್ಲು ಸಣ್ಣಗೆ ನಡುಗುತ್ತಿರುವುದು ತಿಳಿಯಿತು.

ಸಂಗಮದಲ್ಲಿ ಹರಿಗೋಲುಗಳೆಲ್ಲ ದಡದಿಂದ ಬಹಳ ಮೇಲೆ ಮರಗಳ ಕೆಳಗೆ ಬೋರಲು ಬಿದ್ದಿದ್ದವು. ನನಗೆ ಪರಿಚಯವಾಗಿದ್ದವರು ತಮ್ಮ ಹರಿಗೋಲಿನ ಮೇಲೆಯೇ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನನ್ನನ್ನು ಗುರುತಿಸಿ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಬಂಡೆ ಯಾವ ದಿಕ್ಕಿನಲ್ಲಿತ್ತು ಎಂದು ಕೇಳಿದೆ. ಅವರು ಕೈಯಿಂದ ತೋರಿಸದೆ ಗದ್ದದಿಂದಲೇ ನದಿಯ ನಡುವಿನತ್ತ ಸನ್ನೆ ಮಾಡಿದರು. ಅಲ್ಲಿ ನೀರು ಸ್ವಲ್ಪ ಉಬ್ಬಿ, ಉಬ್ಬಿದಲ್ಲೇ ಎರಡಾಗಿ ಒಡೆದು, ಮುಂದೆ ಹೋಗಿ ಮತ್ತೆ ಕೂಡಿಕೊಳ್ಳುತ್ತಿತ್ತು.